ಪರದೇಶದಲ್ಲಿ ಓವರ್‌ಸ್ಪೀಡ್ ಫೈನ್: ಕಟ್ಟದೆ ಮುಂಬೈಗೆ ಬಂದುಬಿಟ್ಟರೆ ಏನಾಗುತ್ತೆ?

ಮೇ ರಜೆಯಲ್ಲಿ ಯೂರೋಪು ಸುತ್ತಿ ಬಂದವರ ಫೋನಿಗೆ ಗಣಪತಿ ಹಬ್ಬದ ಹೊತ್ತಿಗೆ ಒಂದು ಮೆಸೇಜು ಬರುತ್ತದೆ. ಕ್ರೆಡಿಟ್ ಕಾರ್ಡಿನಿಂದ ನಲವತ್ತೋ ಐವತ್ತೋ ಯೂರೋ ಹೋಗಿದೆ. ತಗೊಂಡವರು ಅಲ್ಲಿ ಕಾರು ಬಾಡಿಗೆಗೆ ಕೊಟ್ಟಿದ್ದ ಕಂಪನಿಯವರು. ಡೊಂಬಿವಲಿ, ಥಾಣೆ, ಪುಣೆಯ ಕನ್ನಡಿಗರ ವಾಟ್ಸಪ್ ಗುಂಪುಗಳಲ್ಲಿ ಆಗ ಪ್ರಶ್ನೆ ಬೀಳುತ್ತದೆ: "ಅಣ್ಣಾ, ಸ್ಪೀಡಿಂಗ್ ಫೈನ್ ಅಂತೆ. ಕಟ್ಟಲೇಬೇಕಾ, ಬಿಟ್ರೆ ನಡೆಯುತ್ತಾ?"

ಉತ್ತರಗಳು ಎರಡೇ ತರ. ಒಬ್ಬರು "ಬಿಡ್ರೀ, ಇಟಲಿಯಿಂದ ಡೊಂಬಿವಲಿಗೆ ಯಾರು ಬರ್ತಾರೆ ವಸೂಲಿಗೆ" ಅನ್ನುತ್ತಾರೆ. ಇನ್ನೊಬ್ಬರು "ಇನ್ಮೇಲೆ ವೀಸಾನೇ ಸಿಗಲ್ಲ ನೋಡಿ" ಅಂತ ಹೆದರಿಸುತ್ತಾರೆ. ಇಬ್ಬರೂ ಹೇಳುವುದು ಅರ್ಧ ಸರಿ. ನಿಜ ಏನೆಂದರೆ ಆ ಫೈನು ನಿಮ್ಮ ಬೆನ್ನು ಹತ್ತುವುದು ಪೊಲೀಸರ ದಾರಿಯಲ್ಲಿ ಅಲ್ಲ. ಬಾಡಿಗೆ ಕರಾರು, ಕ್ರೆಡಿಟ್ ಕಾರ್ಡು, ಮುಂದಿನ ವೀಸಾ ಫಾರಂ, ಈ ಮೂರರಲ್ಲಿ ಯಾವುದೋ ಒಂದರಿಂದ ಬರುತ್ತದೆ. ಯಾವುದರಿಂದ ಅನ್ನುವುದು ದೇಶದ ಮೇಲೆ ಹೋಗುತ್ತದೆ. ಇಟಲಿಗೆ ಹೋಗಿ ಬಂದವರ ಅನುಭವ ದುಬೈಗೆ ಹೋದವರಿಗೆ ಕೆಲಸಕ್ಕೆ ಬಾರದು.

ಮೊದಲು ನಮ್ಮ ಅಭ್ಯಾಸದ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ತಪ್ಪು ಲೆಕ್ಕಾಚಾರ ಶುರುವಾಗುವುದೇ ಅಲ್ಲಿಂದ. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿಗೆ ಗಂಟೆಗೆ 100 ಕಿಲೋಮೀಟರ್ ಮಿತಿ, ಘಾಟಿಯಲ್ಲಿ 60. 2024ರಿಂದ ದಾರಿಯುದ್ದಕ್ಕೂ ಕ್ಯಾಮೆರಾಗಳು ಕೆಲಸ ಮಾಡುತ್ತಿವೆ, ಖಂಡಾಲದಲ್ಲಿ ಸ್ವಲ್ಪ ಆಕ್ಸಿಲರೇಟರ್ ಒತ್ತಿದರೂ ಮನೆ ಮುಟ್ಟುವಷ್ಟರಲ್ಲಿ ಇ-ಚಲನ್ ಬಂದಿರುತ್ತದೆ. ಬಂದರೆ ಏನು ಮಾಡುತ್ತೇವೆ? ಏನೂ ಮಾಡುವುದಿಲ್ಲ! ಮೋಟಾರು ವಾಹನ ಕಾಯ್ದೆಯ 183ನೇ ಸೆಕ್ಷನ್ ಪ್ರಕಾರ ಕಾರಿನ ಓವರ್‌ಸ್ಪೀಡಿಗೆ 1,000ದಿಂದ 2,000 ರೂಪಾಯಿ ದಂಡ. ಅದನ್ನು ಆ್ಯಪ್‌ನಲ್ಲಿ ಹಾಗೇ ಬಿಟ್ಟು, ಲೋಕ ಅದಾಲತ್ ಬಂದಾಗ ಕಡಿಮೆ ಮಾಡಿಸಿಕೊಂಡು ಕಟ್ಟೋಣ ಅಂತ ಕಾಯುವವರೇ ಜಾಸ್ತಿ. ನಮ್ಮಲ್ಲಿ ಚಲನ್ ಬೀಳುವುದು ಗಾಡಿಯ ನಂಬರಿಗೆ. ಗೋವಾದಲ್ಲಿ ಬಾಡಿಗೆ ಕಾರು ಓಡಿಸಿದರೂ ಚಲನ್ ಮಾಲೀಕನ ಫೋನಿಗೆ ಹೋಗುತ್ತದೆ, ಅವನು ಡೆಪಾಸಿಟ್‌ನಲ್ಲಿ ಮುರಿದುಕೊಳ್ಳುತ್ತಾನೆ, ಅಲ್ಲಿಗೆ ಕಥೆ ಮುಗಿಯಿತು. ಪರದೇಶಗಳಲ್ಲಿ ಅನೇಕ ಕಡೆ ಹುಡುಕುವುದು ಸ್ಟೀರಿಂಗ್ ಹಿಡಿದಿದ್ದ ಮನುಷ್ಯನನ್ನು. ಕಾಯ್ದಷ್ಟೂ ಮೊತ್ತ ಏರುತ್ತದೆ, ಇಳಿಯುವುದಿಲ್ಲ.

ಇನ್ನು "ಇಂಡಿಯಾದಲ್ಲಿ ವಸೂಲಿ ಮಾಡೋಕೆ ಆಗುತ್ತಾ" ಅನ್ನುವ ಪ್ರಶ್ನೆ. ನೇರವಾಗಿ ಹೇಳಬೇಕೆಂದರೆ, ಆಗುವುದಿಲ್ಲ. ಕೆಲವು ದೇಶಗಳ ಕೋರ್ಟಿನ ಹಣದ ಡಿಕ್ರಿಯನ್ನು ನಮ್ಮ ಜಿಲ್ಲಾ ಕೋರ್ಟು ನೇರವಾಗಿ ಜಾರಿ ಮಾಡಬಹುದು. ಸಿವಿಲ್ ಪ್ರೊಸೀಜರ್ ಕೋಡಿನ 44ಎ ಸೆಕ್ಷನ್ ಅದಕ್ಕಾಗಿಯೇ ಇದೆ. ಬ್ರಿಟನ್, ಸಿಂಗಾಪುರ ಆ ಪಟ್ಟಿಯಲ್ಲಿವೆ, 2020ರಲ್ಲಿ ಯುಎಇ ಕೂಡ ಸೇರಿತು. ಆದರೆ ತೆರಿಗೆ, ದಂಡ, ಜುಲ್ಮಾನೆಯ ಹಣಕ್ಕೆ ಇದು ಅನ್ವಯಿಸುವುದಿಲ್ಲ ಅಂತ ಅದೇ ಸೆಕ್ಷನ್ನಿನ ವಿವರಣೆಯಲ್ಲಿ ಬರೆದಿದೆ. ಹಾಗಾಗಿ ಸ್ವಿಸ್ ಪೊಲೀಸರ ಫೈನಿಗೆ ಶಿವಾಜಿನಗರದ ಕೋರ್ಟಿನಿಂದ ಸಮನ್ಸ್ ಬರುವುದಿಲ್ಲ. ಟ್ರಾಫಿಕ್ ತಪ್ಪಿಗೆ ಪರದೇಶದವರು ಚಾಲಕನ ಲೆಕ್ಕಕ್ಕೆ ಬರೆಯುವ ಪಾಯಿಂಟ್‌ಗಳು ನಿಮ್ಮ ಮಹಾರಾಷ್ಟ್ರದ ಲೈಸೆನ್ಸಿಗೆ ಬಂದು ಕೂರುವುದೂ ಇಲ್ಲ. ಯೂರೋಪಿನ ಒಕ್ಕೂಟದ ದೇಶಗಳು ತಮ್ಮತಮ್ಮಲ್ಲಿ ಗಾಡಿ ಮಾಲೀಕರ ಮಾಹಿತಿ ಹಂಚಿಕೊಳ್ಳುತ್ತವೆ, ಒಬ್ಬರ ಫೈನನ್ನು ಇನ್ನೊಬ್ಬರು ವಸೂಲಿ ಮಾಡಿಕೊಡುತ್ತಾರೆ. ಭಾರತ ಆ ವ್ಯವಸ್ಥೆಯ ಹೊರಗಿದೆ.

"ಬಿಡ್ರೀ" ಅನ್ನುವವರ ವಾದ ಗಟ್ಟಿಯಾಗಿರುವುದು ಇಷ್ಟರ ಮಟ್ಟಿಗೆ. ಮುಂದಕ್ಕೆ ಅದು ಸಡಿಲವಾಗುತ್ತಾ ಹೋಗುತ್ತದೆ.

ಕಾರು ತಗೊಳ್ಳುವಾಗ ಕೌಂಟರಿನಲ್ಲಿ ನಾವು ಓದದೆ ಸಹಿ ಹಾಕುವ ಕಾಗದ ಇದೆಯಲ್ಲ, ಅದರಲ್ಲಿ ಎರಡು ಮಾತಿರುತ್ತವೆ. ಒಂದು, ನಿಮ್ಮ ಅವಧಿಯಲ್ಲಿ ಬಿದ್ದ ಫೈನು ನಿಮ್ಮದೇ. ಎರಡು, ಪೊಲೀಸರು ಕೇಳಿದಾಗ ನಿಮ್ಮ ಹೆಸರು, ವಿಳಾಸ ಕೊಡುವ ಕೆಲಸಕ್ಕೆ ಕಂಪನಿಯವರು ಸೇವಾ ಶುಲ್ಕ ಹಿಡಿಯುತ್ತಾರೆ. ಮೊದಲು ಹೇಳಿದ ಆ ನಲವತ್ತು-ಐವತ್ತು ಯೂರೋ ಇದೇ. ಅದು ಫೈನಲ್ಲ. ಬಹಳ ಜನ ಎಡವುವುದು ಇಲ್ಲೇ: ಕಾರ್ಡಿನಿಂದ ದುಡ್ಡು ಹೋಯಿತು, ಫೈನು ಮುಗಿಯಿತು ಅಂದುಕೊಂಡು ಆಮೇಲೆ ಬರುವ ಪತ್ರವನ್ನು ಕಸಕ್ಕೆ ಹಾಕುತ್ತಾರೆ. ಒಂದು ಇಮೇಲ್ ಕಳಿಸುವುದಕ್ಕೆ ನಾಲ್ಕೈದು ಸಾವಿರ ರೂಪಾಯಿ ಅಂದರೆ ನನ್ನ ಲೆಕ್ಕದಲ್ಲಿ ಅದು ಸೇವೆಯಲ್ಲ, ಸುಲಿಗೆ. ಆದರೆ ಸಹಿ ಹಾಕಿದ್ದೇವೆ. ಬ್ಯಾಂಕಿಗೆ ತಕರಾರು ಕೊಟ್ಟರೆ ಅವರು ಆ ಕಾಗದ ತೋರಿಸುತ್ತಾರೆ, ಸಾಮಾನ್ಯವಾಗಿ ತಕರಾರು ಅಲ್ಲೇ ಬಿದ್ದುಹೋಗುತ್ತದೆ. "ಒಟಿಪಿ ಇಲ್ಲದೆ ಹೇಗೆ ತಗೊಂಡ್ರು?" ಅಂತ ಕೇಳುವವರಿದ್ದಾರೆ. ಪರದೇಶದ ವ್ಯಾಪಾರಿ ಮೊದಲೇ ಪಡೆದ ಒಪ್ಪಿಗೆಯ ಮೇಲೆ ಕಾರ್ಡಿಗೆ ಚಾರ್ಜ್ ಹಾಕುವಾಗ ಅನೇಕ ಸಲ ಒಟಿಪಿಯ ಪ್ರಶ್ನೆಯೇ ಬರುವುದಿಲ್ಲ. ಕಾರ್ಡಿನಲ್ಲಿ ವಿದೇಶಿ ವ್ಯವಹಾರವನ್ನು ಬಂದ್ ಮಾಡಿಟ್ಟರೆ ದುಡ್ಡು ಹೋಗದೆ ಇರಬಹುದು, ಸಾಲ ಮಾತ್ರ ಹಾಗೇ ಉಳಿಯುತ್ತದೆ. ಇದು ಸರ್ಕಾರದ ದಂಡವಲ್ಲ, ಕರಾರಿನ ಬಾಕಿ, ಹಾಗಾಗಿ 44ಎ ಹೇಳಿ ತಪ್ಪಿಸಿಕೊಳ್ಳುವ ದಾರಿಯೂ ಇಲ್ಲ.

ಇಟಲಿಯ ಲೆಕ್ಕ ನೋಡಿದರೆ ತಡ ಮಾಡಿದ್ದಕ್ಕೆ ಎಷ್ಟು ಬೆಲೆ ತೆರಬೇಕು ಅನ್ನುವುದು ಗೊತ್ತಾಗುತ್ತದೆ. ಮಿತಿಗಿಂತ 10ರಿಂದ 40 ಕಿಲೋಮೀಟರ್ ಜಾಸ್ತಿ ಓಡಿಸಿದರೆ ಕನಿಷ್ಠ ದಂಡ ಸುಮಾರು 173 ಯೂರೋ. ನೋಟಿಸು ಕೈಸೇರಿದ ಐದು ದಿನದೊಳಗೆ ಕಟ್ಟಿದರೆ ನೂರಕ್ಕೆ 30 ಕಡಿತ, ಅಂದರೆ ಸುಮಾರು 121ಕ್ಕೆ ಮುಗಿಯುತ್ತದೆ. ಅರವತ್ತು ದಿನ ದಾಟಿತೋ, ಗರಿಷ್ಠ ದಂಡದ ಅರ್ಧಕ್ಕೆ ಏರುತ್ತದೆ, ಹತ್ತಿರಹತ್ತಿರ 347. ಅದೂ ಹಗಲಿನ ರೇಟು. ರಾತ್ರಿ ಹತ್ತರಿಂದ ಬೆಳಗ್ಗೆ ಏಳರವರೆಗೆ ಮೂರನೇ ಒಂದು ಭಾಗ ಜಾಸ್ತಿ. ಪರದೇಶದವರಿಗೆ ನೋಟಿಸು ಕಳಿಸಲು ಅವರಿಗೆ 360 ದಿನ ಸಮಯ ಇದೆ, ಆದ್ದರಿಂದ ಈ ವರ್ಷದ ಪ್ರವಾಸದ ಫೈನು ಮುಂದಿನ ವರ್ಷದ ಪ್ರವಾಸದ ಬುಕಿಂಗ್ ನಡೆಯುವಾಗ ಬಂದರೂ ಆಶ್ಚರ್ಯವಿಲ್ಲ. ಫ್ಲಾರೆನ್ಸ್, ಪೀಸಾ, ರೋಮ್ ಊರುಗಳ ಹಳೇ ಬೀದಿಗಳಿಗೆ ಹೊರಗಿನ ಗಾಡಿ ನುಗ್ಗಬಾರದು ಅನ್ನುವ ಝೆಡ್‌ಟಿಎಲ್ ನಿಯಮ ಬೇರೆ ಇದೆ. ಅಲ್ಲಿ ಒಂದೊಂದು ಕ್ಯಾಮೆರಾ ದಾಟಿದ್ದಕ್ಕೂ ಒಂದೊಂದು ಫೈನು. ಹೋಟೆಲು ಹುಡುಕುತ್ತಾ ಅದೇ ಬೀದಿಯಲ್ಲಿ ಸುತ್ತು ಹೊಡೆದವರಿಗೆ ಕಂತೆಕಂತೆ ಪತ್ರಗಳು ಬರುತ್ತವೆ. ಓವರ್‌ಸ್ಪೀಡ್ ಅಂತ ನಮ್ಮವರು ಹೇಳುವ ಇಟಲಿಯ ಫೈನುಗಳಲ್ಲಿ ಎಷ್ಟೋ ನಿಜಕ್ಕೂ ಇದೇ ಆಗಿರುತ್ತವೆ.

ಸ್ವಿಟ್ಜರ್ಲೆಂಡಿನಲ್ಲಿ ದಾಕ್ಷಿಣ್ಯವೇ ಇಲ್ಲ. ಊರೊಳಗೆ ಮಿತಿಗಿಂತ 5 ಕಿಲೋಮೀಟರ್ ಒಳಗೆ ಜಾಸ್ತಿಯಾದರೆ 40 ಫ್ರಾಂಕ್, 6ರಿಂದ 10ಕ್ಕೆ 120, 11ರಿಂದ 15ಕ್ಕೆ 250. ಅಂದರೆ 50ರ ರಸ್ತೆಯಲ್ಲಿ 62ರಲ್ಲಿ ಹೋದವರಿಗೆ ಇಪ್ಪತ್ತು ಸಾವಿರ ರೂಪಾಯಿ ಮೀರಿದ ಬಿಲ್ಲು. ಅದಕ್ಕಿಂತ ಮೇಲೆ ಹೋದರೆ ರೇಟಿನ ಪಟ್ಟಿಯೇ ಮುಗಿದು ವಿಷಯ ಪ್ರಾಸಿಕ್ಯೂಟರ್ ಕೈಗೆ ಹೋಗುತ್ತದೆ, ಗಂಭೀರವಾದರೆ ದಂಡವನ್ನು ನಿಮ್ಮ ವರಮಾನ ನೋಡಿ ಹಾಕುತ್ತಾರೆ. 50ರ ರಸ್ತೆಯಲ್ಲಿ 100 ಮುಟ್ಟಿದರೆ ಅದು ಜೈಲಿಗೆ ಹೋಗುವ ಅಪರಾಧ. ಸಣ್ಣ ಫೈನನ್ನೂ ಕಟ್ಟದೆ ಬಿಟ್ಟರೆ ಅದು ಖರ್ಚು ಸೇರಿಕೊಂಡು ದಂಡದ ಆದೇಶವಾಗುತ್ತದೆ. ಅದನ್ನೂ ಕಟ್ಟದಿದ್ದರೆ ದುಡ್ಡಿನ ಬದಲು ಜೈಲಿನ ದಿನಗಳಾಗಿ ಬದಲಾಗಬಹುದು. ಇದಕ್ಕಾಗಿ ಪುಣೆಗೆ ಯಾರೂ ಬರುವುದಿಲ್ಲ, ಸರಿ. ಆದರೆ ಎರಡು ವರ್ಷ ಬಿಟ್ಟು ಆಫೀಸಿನ ಕೆಲಸಕ್ಕೆ ಝೂರಿಕ್‌ನಲ್ಲಿ ಇಳಿದಾಗ ಹಳೆಯ ಬಾಕಿ ಎದುರಿಗೆ ಬಂದರೆ ಜೇಬಿನಿಂದ ಕೊಟ್ಟೇ ಮುಂದೆ ಹೋಗಬೇಕು. ಷೆಂಗೆನ್ ವೀಸಾ ಫಾರಂನಲ್ಲಿ ಟ್ರಾಫಿಕ್ ಫೈನಿನ ಬಗ್ಗೆ ಪ್ರಶ್ನೆಯೇ ಇಲ್ಲ, ಆದ್ದರಿಂದ "ಯೂರೋಪಿನ ವೀಸಾ ಕ್ಯಾನ್ಸಲ್" ಅನ್ನುವ ಹೆದರಿಕೆಗೆ ಬುಡವಿಲ್ಲ. ಅಪಾಯ ಇರುವುದು ಅದೇ ದೇಶಕ್ಕೆ ಮತ್ತೆ ಹೋಗುವವರಿಗೆ.

ವರಮಾನ ನೋಡಿ ಫೈನು ಹಾಕುವುದಕ್ಕೆ ಹೆಸರುವಾಸಿ ಫಿನ್‌ಲೆಂಡ್. 2023ರಲ್ಲಿ ಆಂಡರ್ಸ್ ವಿಕ್ಲೋಫ್ ಅನ್ನುವ ಉದ್ಯಮಿ 50ರ ರಸ್ತೆಯಲ್ಲಿ 82ರಲ್ಲಿ ಹೋಗಿದ್ದಕ್ಕೆ 1,21,000 ಯೂರೋ ಕಟ್ಟಿದರು. ನಮ್ಮ ಸಂಬಳಕ್ಕೆ ಅಷ್ಟು ಬೀಳುವುದಿಲ್ಲ ಬಿಡಿ.

ಜರ್ಮನಿಯ ವಿಷಯ ಪುಣೆಯ ಹಿಂಜವಡಿಯ ಐಟಿ ಕಂಪನಿಗಳಿಂದ ಆನ್‌ಸೈಟ್ ಹೋಗುವ ಹುಡುಗರು ಸರಿಯಾಗಿ ಕೇಳಿಸಿಕೊಳ್ಳಬೇಕು. ಆಟೋಬಾನಿನಲ್ಲಿ, ಅಂದರೆ ಅಲ್ಲಿನ ಹೆದ್ದಾರಿಯಲ್ಲಿ, ಸ್ಪೀಡ್ ಲಿಮಿಟ್ ಇಲ್ಲ ಅನ್ನುವುದನ್ನು ಎಲ್ಲರೂ ಕೇಳಿದ್ದಾರೆ. ಕೆಲವು ಭಾಗಗಳಲ್ಲಿ ಇದೆ, ಊರೊಳಗೆ 50 ಕಟ್ಟುನಿಟ್ಟು ಅನ್ನುವುದು ಅಲ್ಲಿಗೆ ಹೋದ ಮೇಲೆ ಗೊತ್ತಾಗುತ್ತದೆ. ಊರೊಳಗೆ 16ರಿಂದ 20 ಜಾಸ್ತಿಯಾದರೆ 70 ಯೂರೋ, 21 ದಾಟಿದರೆ 115 ಯೂರೋ ಮತ್ತು ಒಂದು ಪಾಯಿಂಟ್, 31 ದಾಟಿದರೆ 260 ಯೂರೋ ಜೊತೆಗೆ ಒಂದು ತಿಂಗಳು ಗಾಡಿ ಓಡಿಸುವಂತಿಲ್ಲ. ಆದರೆ ನಿಜವಾದ ಹೊಡೆತ ಇದಲ್ಲ. ಅಲ್ಲಿ ವಾಸ ಶುರುಮಾಡಿ ಆರು ತಿಂಗಳಾದ ಮೇಲೆ ಭಾರತದ ಲೈಸೆನ್ಸು ನಡೆಯುವುದಿಲ್ಲ. ಏಳನೇ ತಿಂಗಳಲ್ಲಿ ಸಿಕ್ಕಿಬಿದ್ದರೆ ಸ್ಪೀಡಿನ ಫೈನು ಸಣ್ಣ ವಿಷಯವಾಗಿಬಿಡುತ್ತದೆ. ಲೈಸೆನ್ಸ್ ಇಲ್ಲದೆ ಗಾಡಿ ಓಡಿಸಿದ ಕ್ರಿಮಿನಲ್ ಕೇಸು ಮೇಲೆ ಬೀಳುತ್ತದೆ. ವಾಸದ ಪರವಾನಗಿ ನವೀಕರಿಸುವಾಗ ಇಂಥ ಕೇಸು ಬೆನ್ನಿಗಿರುವುದು ಯಾರಿಗೂ ಬೇಡ.

ಮುಂಬೈನ ಶೆಟ್ರು, ಪೂಜಾರ್ರು, ಕಾಮತರ ಮನೆಗಳಲ್ಲಿ ಕೇಳಿದರೆ ಮೊದಲು ಬರುವ ಹೆಸರು ದುಬೈ. ಅಲ್ಲಿ ಮಗ ಇದ್ದಾನೆ, ತಂಗಿ ಇದ್ದಾಳೆ, ರಜೆಗೆ ಹೋದಾಗ ಒಂದು ಕಾರು ಬಾಡಿಗೆಗೆ ತಗೊಳ್ಳುತ್ತಾರೆ. ಅಲ್ಲಿನ, ಅಂದರೆ ಇಡೀ ಯುಎಇಯ ಪದ್ಧತಿ ಸರಳ ಮತ್ತು ನಿರ್ದಯ. ಮಿತಿಗಿಂತ 20 ಕಿಲೋಮೀಟರ್‌ವರೆಗೆ ಜಾಸ್ತಿಗೆ 300 ದಿರ್ಹಮ್, 30ರವರೆಗೆ 600, 40ಕ್ಕೆ 700, 50ಕ್ಕೆ 1,000. ಅರವತ್ತರವರೆಗೆ ಹೋದರೆ 1,500 ಮತ್ತು ಗಾಡಿ ಹದಿನೈದು ದಿನ ಜಪ್ತಿ. 80 ಮೀರಿದರೆ 3,000 ಮತ್ತು ಅರವತ್ತು ದಿನ. ಬಾಡಿಗೆ ಗಾಡಿ ಜಪ್ತಿಯಾದರೆ ಅದು ನಿಂತ ಅಷ್ಟೂ ದಿನಗಳ ಬಾಡಿಗೆಯನ್ನು ನಿಮ್ಮಿಂದಲೇ ಕೇಳುವುದು ಕರಾರುಗಳಲ್ಲಿ ಮಾಮೂಲು. ದುಬೈಯಲ್ಲಿ ಬೋರ್ಡಿನ ಮೇಲಿನ ಮಿತಿಗಿಂತ 20 ಜಾಸ್ತಿಯವರೆಗೆ ಕ್ಯಾಮೆರಾ ಸುಮ್ನಿರುತ್ತದೆ, ಇದು ಅಲ್ಲಿರುವ ಎಲ್ಲರಿಗೂ ಗೊತ್ತು. ಅದೇ ಧೈರ್ಯದಲ್ಲಿ ಅಬುಧಾಬಿ ಕಡೆ ಹೋದವರು ಸಿಕ್ಕಿಬೀಳುತ್ತಾರೆ, ಯಾಕೆಂದರೆ ಅಬುಧಾಬಿ 2018ರಲ್ಲೇ ಆ ರಿಯಾಯಿತಿ ತೆಗೆದುಹಾಕಿದೆ. ಒಂದೇ ರಸ್ತೆ, ಗಡಿ ದಾಟಿದ ಮೇಲೆ ನಿಯಮ ಬೇರೆ. ವಸೂಲಿಗೆ ಅವರು ನಿಮ್ಮ ಹಿಂದೆ ಬರುವ ಅಗತ್ಯವೇ ಇಲ್ಲ. ಕಾರು ವಾಪಸು ಕೊಟ್ಟ ಮೇಲೂ ಡೆಪಾಸಿಟನ್ನು ಕೆಲವು ವಾರ ಹಿಡಿದಿಟ್ಟುಕೊಂಡಿರುತ್ತಾರೆ, ಆ ನಡುವೆ ಸಿಸ್ಟಮ್‌ನಲ್ಲಿ ಕಂಡ ಫೈನೆಲ್ಲ ಅದರಿಂದ ಕಳೆಯುತ್ತದೆ. ಮಗನ ಕಾರನ್ನು ಅಪ್ಪ ಓಡಿಸಿ ಫೈನು ಬಿದ್ದರೆ ಅದು ಮಗನ ನಂಬರ್‌ ಪ್ಲೇಟಿಗೇ ಅಂಟುತ್ತದೆ. ಕಟ್ಟದೆ ಅವನ ಗಾಡಿಯ ನೋಂದಣಿ ನವೀಕರಣ ಆಗುವುದಿಲ್ಲ.

ಬ್ರಿಟನ್ನಿನಲ್ಲಿ ಒಂದು ವಿಚಿತ್ರ ಏರ್ಪಾಡಿದೆ, ಗೊತ್ತಿರುವವರು ಕಡಿಮೆ. ಸಣ್ಣ ಓವರ್‌ಸ್ಪೀಡಿಗೆ ಕನಿಷ್ಠ 100 ಪೌಂಡ್ ಮತ್ತು ಮೂರು ಪಾಯಿಂಟ್. ನಿಮ್ಮ ಲೈಸೆನ್ಸು ಥಾಣೆಯದ್ದು, ಪಾಯಿಂಟ್ ಎಲ್ಲಿ ಹಾಕುತ್ತಾರೆ? ನಿಮ್ಮ ಹೆಸರಿನಲ್ಲಿ ಅಲ್ಲಿಯದೇ ಒಂದು ಚಾಲಕ ದಾಖಲೆ ತೆರೆದು ಅದರಲ್ಲಿ ಬರೆದಿಡುತ್ತಾರೆ. ಪ್ರವಾಸಿಗೆ ಇದರಿಂದ ನಷ್ಟವಿಲ್ಲ. ಆಮೇಲೆ ಕೆಲಸಕ್ಕೆಂದು ಅಲ್ಲಿಗೇ ಹೋಗಿ ಬ್ರಿಟಿಷ್ ಲೈಸೆನ್ಸ್ ಪಡೆದರೆ ಹಳೆಯ ಪಾಯಿಂಟ್‌ಗಳು ಅದಕ್ಕೆ ಬಂದು ಸೇರಿಕೊಳ್ಳುತ್ತವೆ, ಹೊಸ ಚಾಲಕನಿಗೆ ಮೊದಲ ಎರಡು ವರ್ಷದಲ್ಲಿ ಆರು ಪಾಯಿಂಟ್ ಆದರೆ ಲೈಸೆನ್ಸೇ ರದ್ದು, ಸಾಲದ್ದಕ್ಕೆ ವಿಮೆಯ ಕಂತೂ ಏರುತ್ತದೆ. ಅಲ್ಲಿನ ಮೊದಲ ಪತ್ರ ಕೇಳುವುದು ದುಡ್ಡನ್ನಲ್ಲ, "ಆ ಹೊತ್ತಿನಲ್ಲಿ ಗಾಡಿ ಯಾರು ಓಡಿಸುತ್ತಿದ್ದರು" ಅಂತ. 28 ದಿನದೊಳಗೆ ಉತ್ತರ ಕೊಡದಿದ್ದರೆ ಅದೇ ಬೇರೆ ಅಪರಾಧ, ಆರು ಪಾಯಿಂಟ್, 1,000 ಪೌಂಡ್‌ವರೆಗೆ ದಂಡ. ಮೂಲ ತಪ್ಪಿಗಿಂತ ಉತ್ತರಿಸದ ತಪ್ಪೇ ದುಬಾರಿ! ಬ್ರಿಟನ್ನಿನ ವೀಸಾ ಫಾರಂ ಮಾತ್ರ ಡ್ರೈವಿಂಗ್ ತಪ್ಪಿಗೆ ಬಿದ್ದ ಶಿಕ್ಷೆಯ ಬಗ್ಗೆ ನೇರವಾಗಿ ಕೇಳುತ್ತದೆ, ಬೇರೆ ದೇಶದಲ್ಲಿ ಬಿದ್ದದ್ದನ್ನೂ ಸೇರಿಸಿ. ನೂರು ಪೌಂಡಿನ ಫೈನು ಬರೆದರೆ ಅದೊಂದಕ್ಕೇ ವೀಸಾ ಹೋಗುವ ಸಂಭವ ಬಹಳ ಕಡಿಮೆ. ಮುಚ್ಚಿಟ್ಟು ಆಮೇಲೆ ಗೊತ್ತಾದರೆ ಸುಳ್ಳು ಮಾಹಿತಿ ಕೊಟ್ಟ ಆರೋಪ ಬರುತ್ತದೆ, ಅದು ವರ್ಷಗಟ್ಟಲೆ ಕಾಡುತ್ತದೆ.

ಅಮೆರಿಕದಲ್ಲಿ ರಾಜ್ಯಕ್ಕೊಂದು ಕಾನೂನು. ನ್ಯೂಯಾರ್ಕ್ ನಗರದಲ್ಲಿ ಶಾಲೆಗಳ ಹತ್ತಿರದ ಕ್ಯಾಮೆರಾ ಹಿಡಿದರೆ 50 ಡಾಲರ್, ಪಾಯಿಂಟ್ ಇಲ್ಲ, ಗಲಾಟೆ ಇಲ್ಲ. ಕಾರಿನಲ್ಲೇ ಕೆಲವು ಗಂಟೆ ದಕ್ಷಿಣಕ್ಕೆ ಹೋಗಿ ವರ್ಜೀನಿಯಾ ಮುಟ್ಟಿ. ಅಲ್ಲಿ ಮಿತಿಗಿಂತ 20 ಮೈಲಿ ಜಾಸ್ತಿ, ಇಲ್ಲವೇ ಮಿತಿ ಎಷ್ಟೇ ಇರಲಿ ಗಂಟೆಗೆ 85 ಮೈಲಿ ದಾಟಿದರೆ ಅದು ಬೇಕಾಬಿಟ್ಟಿ ಚಾಲನೆ ಅನ್ನುವ ಕ್ರಿಮಿನಲ್ ಅಪರಾಧ: ಒಂದು ವರ್ಷದವರೆಗೆ ಜೈಲು, 2,500 ಡಾಲರ್‌ವರೆಗೆ ದಂಡ. ಸಾಮಾನ್ಯವಾಗಿ ಜೈಲಿಗೆ ಹಾಕುವುದಿಲ್ಲ. ಆದರೆ ಶಿಕ್ಷೆಯ ದಾಖಲೆ ಉಳಿಯುತ್ತದೆ, ವೀಸಾದ ಡಿಎಸ್-160 ಫಾರಂನಲ್ಲಿ ಬಂಧನ, ಶಿಕ್ಷೆಯ ಪ್ರಶ್ನೆ ಬಂದಾಗ ಇಲ್ಲ ಅಂತ ಬರೆಯುವ ಹಾಗಿಲ್ಲ. ಪೊಲೀಸರು ನಿಲ್ಲಿಸಿ ಕೈಗೆ ಕೊಟ್ಟ ಟಿಕೆಟ್‌ನಲ್ಲಿ ಕೋರ್ಟಿನ ತಾರೀಖು ಇರುತ್ತದೆ. ಅಷ್ಟರೊಳಗೆ ಕಟ್ಟಬೇಕು, ಇಲ್ಲ ಹಾಜರಾಗಬೇಕು. ವಿಮಾನ ಹತ್ತಿ ಬಂದುಬಿಟ್ಟರೆ ಹಾಜರಾಗದ ತಪ್ಪಿಗೆ ವಾರಂಟ್ ಬೀಳಬಹುದು. ಅಲ್ಲಿ ಓದುವ ಮಕ್ಕಳಿರುವವರಿಗೆ 2025ರ ಏಪ್ರಿಲ್ ನೆನಪಿರಬೇಕು. ಸಾವಿರಾರು ವಿದೇಶಿ ವಿದ್ಯಾರ್ಥಿಗಳ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಲೆಕ್ಕ ಇಡುವ ಸರ್ಕಾರಿ ವ್ಯವಸ್ಥೆ) ದಾಖಲೆಗಳು ಒಮ್ಮೆಲೇ ರದ್ದಾದವು, ಅವರಲ್ಲಿ ಭಾರತೀಯರು ಬಹಳ ಮಂದಿ, ಕೆಲವರ ಹೆಸರಿನಲ್ಲಿ ಇದ್ದದ್ದು ಹಳೆಯ ಟ್ರಾಫಿಕ್ ಟಿಕೆಟ್ ಅಷ್ಟೇ. ಕೋರ್ಟುಗಳಲ್ಲಿ ಕೇಸಿನ ಮೇಲೆ ಕೇಸು ಬಿದ್ದ ಮೇಲೆ ಆ ತಿಂಗಳ ಕೊನೆಯಲ್ಲಿ ಸರ್ಕಾರ ಹಿಂದೆ ಸರಿಯಿತು. ಇಂಥದ್ದು ಮತ್ತೆ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ವೀಸಾ ಮೇಲೆ ಇರುವವರಿಗೆ 150 ಡಾಲರಿನ ಟಿಕೆಟ್ಟೂ ಬರೀ 150 ಡಾಲರಿನ ವಿಷಯವಲ್ಲ ಅಂತಷ್ಟೇ. ಗ್ರೀನ್ ಕಾರ್ಡಿನ ಅರ್ಜಿ ಬಂಧನದ ಜೊತೆಗೆ ಪೊಲೀಸರು ಕೊಟ್ಟ ಟಿಕೆಟ್ಟುಗಳ ಬಗ್ಗೆಯೂ ಕೇಳುತ್ತದೆ. ಆದ್ದರಿಂದ ಕಟ್ಟಿದ ರಸೀದಿಯನ್ನು ಪಾಸ್‌ಪೋರ್ಟಿನ ಹಳೆ ಪ್ರತಿಗಳ ಜೊತೆ ಇಟ್ಟುಕೊಂಡಿರುವುದು ಒಳ್ಳೆಯದು.

ಹಾಗಾದರೆ ಬಂದ ಮೆಸೇಜಿಗೆಲ್ಲ ಕಣ್ಣುಮುಚ್ಚಿ ದುಡ್ಡು ಕಟ್ಟಬೇಕಾ? ಅದೂ ಅಲ್ಲ. ಇಲ್ಲಿ ವಾಟ್ಸಪ್‌ನಲ್ಲಿ ನಕಲಿ ಇ-ಚಲನ್ ಕಳಿಸಿ ಎಪಿಕೆ ಫೈಲ್ ಹಾಕಿಸಿ ಬ್ಯಾಂಕ್ ಖಾತೆ ಖಾಲಿ ಮಾಡುವವರಿದ್ದಾರಲ್ಲ, ಅವರ ಅಣ್ಣತಮ್ಮಂದಿರು ದುಬೈ, ಅಮೆರಿಕ ಎಲ್ಲ ಕಡೆ ಇದ್ದಾರೆ. ಅಸಲಿ ನೋಟಿಸಿನಲ್ಲಿ ಗಾಡಿ ನಂಬರು, ತಾರೀಖು, ಗಂಟೆ, ರಸ್ತೆಯ ಹೆಸರು, ಅಳೆದ ವೇಗ ಇರುತ್ತದೆ. ಅದನ್ನು ಬಾಡಿಗೆ ಕಾಗದದ ಜೊತೆ ಇಟ್ಟು ನೋಡಿ, ನೀವು ಆ ಹೊತ್ತಿಗೆ ಆ ಊರಿನಲ್ಲಿ ಇದ್ದಿರಾ ಅಂತ ಫೋನಿನ ಫೋಟೋಗಳೇ ಹೇಳುತ್ತವೆ. ತೊಂದರೆ ಏನೆಂದರೆ ಅಸಲಿಯೂ ಕೆಲವು ಸಲ ನಕಲಿಯಂತೆ ಕಾಣುತ್ತದೆ. ಇಟಲಿಯ ನಗರಸಭೆಗಳು ವಿದೇಶಿಯರಿಂದ ವಸೂಲಿ ಮಾಡುವ ಕೆಲಸವನ್ನು ಖಾಸಗಿ ಸಂಸ್ಥೆಗಳಿಗೆ ಕೊಟ್ಟಿರುವುದುಂಟು. ಯಾವುದೋ ಕೇಳದ ಹೆಸರಿನಿಂದ ಪತ್ರ ಬಂದರೆ ಮೋಸ ಅನ್ನಿಸುವುದು ಸಹಜ. ಮೆಸೇಜಿನ ಲಿಂಕ್ ಒತ್ತಬೇಡಿ. ಆ ನಗರದ ಪೊಲೀಸರ ಸೈಟನ್ನು ನೀವೇ ಹುಡುಕಿ, ನೋಟಿಸಿನ ನಂಬರು ಹಾಕಿ ನೋಡಿ. ಬಾಡಿಗೆ ಕಂಪನಿಗೂ ಒಂದು ಇಮೇಲ್ ಹಾಕಿ ಪೊಲೀಸರಿಂದ ಬಂದ ಮೂಲ ಕಾಗದದ ಪ್ರತಿ ಕೇಳಿ. ಅಷ್ಟು ಶುಲ್ಕ ತಗೊಂಡ ಮೇಲೆ ಆ ಪ್ರತಿ ಕೊಡುವುದು ಅವರ ಕೆಲಸವೇ ಅಲ್ವಾ.

ಐಡಿಪಿ, ಅಂದರೆ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಬಗ್ಗೆ ಒಂದೆರಡು ಮಾತು. ತಾಡದೇವ್, ಅಂಧೇರಿ, ಪುಣೆ ಯಾವ ಆರ್‌ಟಿಒ ಆದರೂ 1,000 ರೂಪಾಯಿ ಶುಲ್ಕಕ್ಕೆ ಕೊಡುತ್ತದೆ, ಒಂದು ವರ್ಷ ನಡೆಯುತ್ತದೆ, ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು. ಬಾಡಿಗೆ ಕೌಂಟರಿನವರು ಅದನ್ನು ಕೇಳದೆ ಕಾರು ಕೊಟ್ಟುಬಿಡುವುದೂ ಉಂಟು. ಆದರೆ ಕಾನೂನು ಕೇಳುವ ದೇಶದಲ್ಲಿ ಪೊಲೀಸರು ನಿಲ್ಲಿಸಿದಾಗ ಅದಿಲ್ಲದಿದ್ದರೆ ಸ್ಪೀಡಿನ ಫೈನಿನ ಪಕ್ಕದಲ್ಲೇ ಲೈಸೆನ್ಸಿನ ಫೈನೂ ಬೀಳುತ್ತದೆ. ಅಪಘಾತವಾದರಂತೂ ವಿಮಾ ಕಂಪನಿಗೆ ಕೈ ತೊಳೆದುಕೊಳ್ಳಲು ಅದೇ ಸಾಕು. ಪ್ರವಾಸದ ವಿಮೆ ಯಾವ ಫೈನನ್ನೂ ತುಂಬಿಕೊಡುವುದಿಲ್ಲ, ಅದನ್ನು ನಂಬಿ ಕೂರಬೇಡಿ.

ಕೊನೆಗೆ ಮನೆಯೊಳಗಿನ ತಕರಾರು. ಕರಾರಿನಲ್ಲಿ ಹೆಸರು ಅಪ್ಪನದ್ದು, ಕಾರ್ಡು ಅಪ್ಪನದ್ದು, ಓಡಿಸಿದ್ದು ಮಗ ಅಥವಾ ಅಳಿಯ. ಎರಡನೇ ಡ್ರೈವರ್ ಹೆಸರು ಸೇರಿಸಲು ದಿನಕ್ಕೆ ಇಷ್ಟು ಅಂತ ಕೇಳಿದರು, ಸುಮ್ನೆ ಯಾಕೆ ದುಡ್ಡು ದಂಡ ಅಂತ ಸೇರಿಸಲಿಲ್ಲ. ಈಗ ಬ್ರಿಟನ್ನಿನಿಂದ ಓಡಿಸಿದ್ದು ಯಾರು ಅಂತ ಪತ್ರ ಬಂದಿದೆ. ಅಳಿಯನ ಹೆಸರು ಬರೆದರೆ ಕರಾರು ಮುರಿದದ್ದು, ವಿಮೆ ಇಲ್ಲದೆ ಓಡಿಸಿದ್ದು ಎರಡೂ ಒಪ್ಪಿಕೊಂಡ ಹಾಗೆ. ವಿಮೆ ಇಲ್ಲದೆ ಓಡಿಸುವುದು ಅಲ್ಲಿ ಓವರ್‌ಸ್ಪೀಡಿಗಿಂತ ದೊಡ್ಡ ತಪ್ಪು. ಅಪ್ಪನ ಹೆಸರು ಬರೆದರೆ ಅದು ಪೊಲೀಸರಿಗೆ ಹೇಳಿದ ಸುಳ್ಳು. ಕ್ಯಾಮೆರಾ ಫೋಟೋದಲ್ಲಿ ಮುಖ ಕಾಣುವುದೂ ಉಂಟು, ಈ ಸುಳ್ಳಿಗೆ ಅಲ್ಲಿ ಜೈಲು ಕಂಡವರಿದ್ದಾರೆ. ಇಂಥ ಪತ್ರ ಕೈಯಲ್ಲಿದ್ದರೆ ವಾಟ್ಸಪ್ ಗುಂಪಿನಲ್ಲಿ ಕೇಳಬೇಡಿ. ಆ ದೇಶದ ಒಬ್ಬ ವಕೀಲರಿಗೆ ದುಡ್ಡು ಕೊಟ್ಟು ಕೇಳಿ, ಪತ್ರದ ಮೇಲಿನ ಗಡುವು ಮುಗಿಯುವ ಮೊದಲು.